ತೋಳದ ಪಾಲು ಯಾರ ಲೆಕ್ಕಕ್ಕೆ?



ನನ್ನಲ್ಲಿ ಓದಿ, ಈಗ ತಾವೇ ಮುಖ್ಯೋಪಾಧ್ಯಾಯರಾಗಿರುವ ಶಿಷ್ಯರೊಬ್ಬರು ಕಳೆದ ತಿಂಗಳು ಒಂದು ಪ್ರಶ್ನೆಯನ್ನು ಬರೆದು ಕಳುಹಿಸಿದ್ದರು. “ಗುರುಗಳೇ, ತಾವು ಅಮೆರಿಕದ ಐಡಾಹೊ ರಾಜ್ಯದಲ್ಲಿ ಕೆಲವು ತಿಂಗಳು ಇದ್ದು ಬಂದವರು. ತೋಳಗಳ ಸಂಖ್ಯೆ ಹೆಚ್ಚಿತೆಂದು ಅಲ್ಲಿಯ ಬೇಟೆಗಾರರು ದೂರುತ್ತಾರೆಂದು ಓದಿದೆ. ತೋಳ ಹೆಚ್ಚಿದರೆ ಕುರಿಗಾಹಿ ಅಳಬೇಕು, ಅದು ನ್ಯಾಯ. ಬೇಟೆಗಾರನೇಕೆ ಅಳಬೇಕು? ಕೊಲ್ಲುವವನಿಗೆ ಕೊಲ್ಲುವ ಪ್ರಾಣಿಯ ಮೇಲೆ ಮತ್ಸರವೇ?”

ಪ್ರಶ್ನೆ ಚಿಕ್ಕದಾದರೂ ಉತ್ತರ ಚಿಕ್ಕದಲ್ಲ. ಆದ್ದರಿಂದ ಅವರೊಬ್ಬರಿಗೆ ಪತ್ರ ಬರೆಯುವ ಬದಲು ನಿಮ್ಮೆಲ್ಲರ ಮುಂದೆ ಇಡುತ್ತಿದ್ದೇನೆ. ನಾನು ಕುರಿ ಸಾಕುವ ಮನೆತನದಲ್ಲಿ ಹುಟ್ಟಿದವನೆಂಬುದು ನಿಮ್ಮಲ್ಲಿ ಬಹುತೇಕರಿಗೆ ತಿಳಿದಿದೆ. ತೋಳದ ಹೆಸರನ್ನು ನಾನು ಪಠ್ಯಪುಸ್ತಕದಲ್ಲಿ ಓದುವ ಮೊದಲೇ ಹಟ್ಟಿಯಲ್ಲಿ ಕೇಳಿದ್ದೆ. ಆದರೆ ತೋಳದ ಬಗ್ಗೆ ಬೇಟೆಗಾರನ ಮಾತನ್ನು ಕೇಳಿದ್ದು ಮಾತ್ರ 2023ರ ಸೆಪ್ಟೆಂಬರಿನಿಂದ ಐದು ತಿಂಗಳ ಕಾಲ ಬಾಯ್ಸಿ ನಗರದಲ್ಲಿ ಎರಡನೆಯ ಮಗನ ಮನೆಯಲ್ಲಿದ್ದಾಗ. ಅಲ್ಲಿ ಕೇಳಿದ್ದನ್ನೂ, ಆಮೇಲೆ ಓದಿ ತಿಳಿದದ್ದನ್ನೂ ಒಂದು ಕ್ರಮದಲ್ಲಿ ಹೇಳುತ್ತೇನೆ.

ಮೊದಲು ಸ್ವಲ್ಪ ಇತಿಹಾಸ. ಐರೋಪ್ಯರು ಅಮೆರಿಕದಲ್ಲಿ ನೆಲೆಯೂರಿದಂತೆಲ್ಲ ತೋಳವನ್ನು ಶತ್ರುವೆಂದೇ ಎಣಿಸಿದರು. ತೋಳವನ್ನು ಕೊಂದು ತಂದವರಿಗೆ ಬಹುಮಾನ ಕೊಡುತ್ತಿದ್ದರು. ಸತ್ತ ದನದ ಮಾಂಸಕ್ಕೆ ವಿಷ ಬೆರೆಸಿ ಇಡುತ್ತಿದ್ದರು. 1915ರಿಂದ ಕೇಂದ್ರ ಸರ್ಕಾರವೇ ಸಂಬಳದ ಬೇಟೆಗಾರರನ್ನು ನೇಮಿಸಿತು. “ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು” ಎಂಬ ನಮ್ಮ ಗಾದೆ ಆ ದೇಶದಲ್ಲಿ ಸರ್ಕಾರಿ ಕಾರ್ಯಕ್ರಮವೇ ಆಗಿಬಿಟ್ಟಿತ್ತು. ಪ್ರಸಿದ್ಧವಾದ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿಯೂ 1926ರ ಹೊತ್ತಿಗೆ ತೋಳಗಳನ್ನು ಮುಗಿಸಲಾಯಿತು. ಅಲಾಸ್ಕವನ್ನು ಬಿಟ್ಟರೆ ದೇಶದಲ್ಲಿ ತೋಳಗಳು ಉಳಿದದ್ದು ಹೆಚ್ಚಾಗಿ ಮಿನ್ನೆಸೋಟ ರಾಜ್ಯದ ಉತ್ತರದ ಕಾಡುಗಳಲ್ಲಿ ಮಾತ್ರ. ನಾವೇನೂ ಹಿಂದೆ ಬೀಳಲಿಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಬ್ರಿಟಿಷರ ಆಳ್ವಿಕೆಯಲ್ಲಿ ಭಾರತದಲ್ಲಿಯೂ ತೋಳದ ತಲೆಗೆ ಬಹುಮಾನವಿತ್ತು.

1973ರಲ್ಲಿ ಅಮೆರಿಕದ ಸಂಸತ್ತು ಅಳಿವಿನಂಚಿನ ಜೀವಿಗಳನ್ನು ರಕ್ಷಿಸುವ ಕಾಯಿದೆಯನ್ನು ಮಾಡಿತು. ವರ್ಷಗಟ್ಟಲೆ ಚರ್ಚೆ ನಡೆದು, ಕೊನೆಗೆ 1995 ಮತ್ತು 1996ರಲ್ಲಿ ಕೆನಡ ದೇಶದಲ್ಲಿ ಹಿಡಿದ 66 ತೋಳಗಳನ್ನು ತಂದು ಬಿಟ್ಟರು. ಅವುಗಳಲ್ಲಿ 31 ಯೆಲ್ಲೊಸ್ಟೋನಿಗೆ, 35 ಐಡಾಹೊ ರಾಜ್ಯದ ನಡುವಣ ದಟ್ಟ ಕಾಡಿಗೆ ಸೇರಿದುವು. ಈ ಕೆಲಸದಲ್ಲಿ ಕೈಜೋಡಿಸಲು ಐಡಾಹೊ ರಾಜ್ಯದ ಶಾಸಕರು ಒಪ್ಪಲಿಲ್ಲ. ಆಗ ತೋಳಗಳ ಮೇಲ್ವಿಚಾರಣೆಯನ್ನು ವಹಿಸಿಕೊಂಡವರು ನೆಜ್ ಪರ್ಸ್ ಎಂಬ ಮೂಲನಿವಾಸಿ ಜನ. ರಾಜ್ಯ ಬೇಡವೆಂದಿತು, ಕೇಂದ್ರ ಬಿಟ್ಟೇ ತೀರಿತು. ಈಗಿನ ಜಗಳದ ಬೇರು ಅಲ್ಲಿಯೇ ಇದೆ.

ಇನ್ನು ಬೇಟೆಗಾರರ ಮಾತಿಗೆ ಬರೋಣ. ಮಗನ ಮನೆಯ ಪಕ್ಕದಲ್ಲಿ ನಿವೃತ್ತ ಗಣಿತ ಶಿಕ್ಷಕರೊಬ್ಬರಿದ್ದರು. ನನಗಿಂತ ಎರಡು ವರ್ಷ ಹಿರಿಯರು. ಆ ನಾಡಿನ ರೂಢಿಯಂತೆ ನನ್ನನ್ನು ಹೆಸರು ಹಿಡಿದೇ ಕರೆಯುತ್ತಿದ್ದರು. ನನಗೆ ಮಾತ್ರ ಅವರನ್ನು ಹೆಸರು ಹಿಡಿದು ಕರೆಯಲು ಕೊನೆಯವರೆಗೂ ನಾಲಗೆ ಏಳಲಿಲ್ಲ. ಒಂದೇ ವೃತ್ತಿಯವರಾದ್ದರಿಂದ ಇಬ್ಬರಿಗೂ ಬೇಗನೆ ಸ್ನೇಹವಾಯಿತು. ಅವರು ಹದಿನಾಲ್ಕನೆಯ ವಯಸ್ಸಿನಿಂದ ಬೇಟೆಯಾಡುತ್ತ ಬಂದವರು. ಬೇಟೆಗಾರನೆಂದರೆ ಮೈಸೂರು ಸೀಮೆಯ ಹಳೆಯ ಚಿತ್ರಪಟಗಳಲ್ಲಿ ಸತ್ತ ಹುಲಿಯ ಮೇಲೆ ಕಾಲಿಟ್ಟು ನಿಂತ ದೊರೆಗಳನ್ನು ನೆನೆಯುವ ನಮಗೆ ಈ ಬೇಟೆಗಾರರ ಚಿತ್ರ ಹೊಂದುವುದೇ ಇಲ್ಲ. ಇವರಲ್ಲಿ ಬಡಗಿ, ಲಾರಿ ಚಾಲಕ, ದಾದಿ, ಶಾಲಾಮಾಸ್ತರ ಎಲ್ಲರೂ ಇದ್ದಾರೆ. ಅವರ ಗುರಿ ಎಲ್ಕ್ ಎಂಬ ದೊಡ್ಡ ಜಿಂಕೆ. ನಮ್ಮ ಕಡವೆಯನ್ನು ಹೋಲುತ್ತದೆ, ಆದರೆ ಅದಕ್ಕಿಂತಲೂ ದೊಡ್ಡದು. ವರ್ಷಕ್ಕೊಂದು ಎಲ್ಕ್ ಸಿಕ್ಕಿತೆಂದರೆ ಒಂದು ಸಂಸಾರಕ್ಕೆ ಚಳಿಗಾಲದ ಮಾಂಸವೆಲ್ಲ ಆದಂತೆ. ನೆರೆಯವರ ಕಾರಿನ ಕೊಟ್ಟಿಗೆಯಲ್ಲಿ ಪೆಟ್ಟಿಗೆಯಂಥ ದೊಡ್ಡ ಫ್ರೀಜರ್ ಇತ್ತು. ನಮ್ಮ ಅಟ್ಟದ ಮೇಲಿನ ಜೋಳದ ಚೀಲಗಳನ್ನು ತೋರಿಸುವ ರೈತನ ಹೆಮ್ಮೆಯಿಂದಲೇ ಅವರು ಅದನ್ನು ತೆರೆದು ತೋರಿಸಿದರು.

ಬೇಟೆಗೆ ಅಲ್ಲಿ ಕಟ್ಟುನಿಟ್ಟು ಬಹಳ. ಲೈಸೆನ್ಸ್ ಬೇಕು; ಅದರ ಮೇಲೆ ಯಾವ ಪ್ರಾಣಿಯೋ ಅದಕ್ಕೆ ಬೇರೆ ಚೀಟಿ ಕೊಳ್ಳಬೇಕು. ಯಾವ ವಲಯದಲ್ಲಿ, ಯಾವ ದಿನಗಳಲ್ಲಿ, ಗಂಡೋ ಹೆಣ್ಣೋ ಎಂಬುದೆಲ್ಲ ಮೊದಲೇ ಗೊತ್ತಾಗಿರುತ್ತದೆ. ಎಷ್ಟು ಎಲ್ಕ್‌ಗಳಿವೆಯೆಂದು ಇಲಾಖೆ ಎಣಿಸುತ್ತದೆ. ಎಣಿಕೆಯನ್ನು ನೋಡಿಕೊಂಡು ಎಷ್ಟು ಕೊಲ್ಲಬಹುದೆಂದು ನಿಗದಿ ಮಾಡುತ್ತದೆ. ಎಣಿಕೆ ಇಳಿದರೆ ಬೇಟೆಯ ಅವಕಾಶವೂ ಇಳಿಯುತ್ತದೆ. ಶಿಷ್ಯರ ಪ್ರಶ್ನೆಗೆ ಮೊದಲ ಉತ್ತರ ಇದರಲ್ಲಿಯೇ ಇದೆ. ತೋಳವೂ ಮನುಷ್ಯನೂ ಒಂದೇ ತಟ್ಟೆಗೆ ಕೈಹಾಕುತ್ತಾರೆ. ತಟ್ಟೆಯಲ್ಲಿ ಎಷ್ಟಿದೆಯೆಂಬುದು ಲೆಕ್ಕವಾಗಿರುವುದರಿಂದ, ತೋಳ ತಿಂದದ್ದು ತನ್ನ ಪಾಲಿನಿಂದ ಕಳೆಯಿತೆಂದು ಬೇಟೆಗಾರ ಭಾವಿಸುತ್ತಾನೆ.

ಅವರ ಆತಂಕಗಳಲ್ಲಿ ಮೊದಲನೆಯದು ಈ ಎಣಿಕೆಯದೇ. ಯೆಲ್ಲೊಸ್ಟೋನಿನ ಉತ್ತರ ಭಾಗದ ಎಲ್ಕ್ ಹಿಂಡಿನಲ್ಲಿ 1994ರಲ್ಲಿ ಸುಮಾರು 19 ಸಾವಿರ ಪ್ರಾಣಿಗಳಿದ್ದುವು. 2013ರ ಎಣಿಕೆಯಲ್ಲಿ ಅದು 4 ಸಾವಿರಕ್ಕಿಂತ ಕೆಳಗಿಳಿಯಿತು. ಐಡಾಹೊದ ಲೋಲೊ ಎಂಬ ಕಾಡುವಲಯದಲ್ಲಿ 1980ರ ದಶಕದ ಕೊನೆಯಲ್ಲಿ ಸುಮಾರು 16 ಸಾವಿರವಿದ್ದ ಎಲ್ಕ್ 2010ರ ವೇಳೆಗೆ 2 ಸಾವಿರದ ಆಸುಪಾಸಿಗೆ ಬಂದಿತು. “ನನ್ನ ತಂದೆಯೂ ನಾನೂ ಮೂವತ್ತು ವರ್ಷ ಡೇರೆ ಹಾಕಿದ ಕಣಿವೆಯದು. ಅಲ್ಲಿ ಈಗ ಗಂಡು ಎಲ್ಕ್‌ನ ಕೂಗು ಕೇಳಿಸುವುದಿಲ್ಲ. ಇರುವವೂ ಬಯಲಿಗೆ ಬರದೆ ಮರಗಳ ನಡುವೆ ಅಡಗಿರುತ್ತವೆ. ನನ್ನ ಮೊಮ್ಮಗನಿಗೆ ನಾನು ಏನನ್ನು ತೋರಿಸಲಿ?” ಎಂದು ನೆರೆಯವರು ಕೇಳಿದಾಗ ಅದು ಮಾಂಸದ ಮಾತಷ್ಟೇ ಅಲ್ಲವೆಂದು ನನಗೆ ಅನ್ನಿಸಿತು. ಅಪ್ಪನ ಹೊಲ ಕೈತಪ್ಪಿದವನ ದನಿ ಅದರಲ್ಲಿತ್ತು.

ಎರಡನೆಯದು ಹಣದ ಮಾತು. 1937ರಲ್ಲಿ ಆದ ಪಿಟ್‌ಮನ್–ರಾಬರ್ಟ್‌ಸನ್ ಕಾಯಿದೆಯ ಪ್ರಕಾರ ಬೇಟೆಯ ಬಂದೂಕು, ಮದ್ದುಗುಂಡುಗಳ ಮೇಲೆ ನೂರಕ್ಕೆ 11ರಷ್ಟು ತೆರಿಗೆಯಿದೆ. ಆ ಹಣ ರಾಜ್ಯಗಳಿಗೆ ಹಂಚಿಕೆಯಾಗಿ ವನ್ಯಜೀವಿಗಳ ಕೆಲಸಕ್ಕೇ ಸಲ್ಲಬೇಕು. ಇದಲ್ಲದೆ ಲೈಸೆನ್ಸ್ ಮತ್ತು ಚೀಟಿಗಳ ಹಣ ಬೇರೆ. ಐಡಾಹೊದಂಥ ರಾಜ್ಯದಲ್ಲಿ ವನ್ಯಜೀವಿ ಇಲಾಖೆ ನಡೆಯುವುದು ಬಹುಪಾಲು ಬೇಟೆಗಾರರ ಮತ್ತು ಮೀನು ಹಿಡಿಯುವವರ ಹಣದಿಂದಲೇ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಳಿಯುವ ಸ್ಥಿತಿಗೆ ಬಂದಿದ್ದ ಎಲ್ಕ್ ಮತ್ತೆ ತುಂಬಿದ್ದು ಈ ದುಡ್ಡಿನಿಂದ, ಮತ್ತು ಬೇಟೆಗೆ ಮಿತಿ ಹಾಕಬೇಕೆಂದು ಬೇಟೆಗಾರರೇ ಒಪ್ಪಿಕೊಂಡದ್ದರಿಂದ. “ಎಲ್ಕ್ ಬೆಳೆಸಿದವರು ನಾವು. ಅದನ್ನು ತಿನ್ನಲು ತೋಳ ತಂದವರು ಬೇರೆಯವರು. ಅವರು ಚೀಟಿಯನ್ನೂ ಕೊಳ್ಳುವುದಿಲ್ಲ, ಇಲ್ಲಿ ವಾಸಿಸುವುದೂ ಇಲ್ಲ” ಎಂಬುದು ಅವರ ವಾದ.

ಮೂರನೆಯ ಆತಂಕ ಮಾತು ತಪ್ಪಿದರೆಂಬುದು. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯವಾದುದು. ತೋಳಗಳನ್ನು ಬಿಡುವ ಹೊತ್ತಿಗೆ ಸರ್ಕಾರ ಒಂದು ಗುರಿಯನ್ನು ಹೇಳಿತ್ತು. ಐಡಾಹೊ, ಮೊಂಟಾನ, ವಯೋಮಿಂಗ್ ಈ ಮೂರು ರಾಜ್ಯಗಳಲ್ಲಿ ಸೇರಿ ಮರಿ ಸಾಕುವ 30 ಜೋಡಿಗಳು, ಒಟ್ಟು 300 ತೋಳಗಳು ಮೂರು ವರ್ಷ ನೆಲೆನಿಂತರೆ ರಕ್ಷಣೆಯ ಪಟ್ಟಿಯಿಂದ ತೆಗೆಯಬಹುದೆಂದು. 2002ರ ಹೊತ್ತಿಗೇ ಆ ಗುರಿ ಮುಟ್ಟಿತು. ಆದರೂ ಪಟ್ಟಿಯಿಂದ ತೆಗೆದದ್ದು 2008ರಲ್ಲಿ. ನ್ಯಾಯಾಲಯ ಅದನ್ನು ತಡೆಯಿತು. 2009ರಲ್ಲಿ ಮತ್ತೆ ತೆಗೆದು, ಐಡಾಹೊ ಮತ್ತು ಮೊಂಟಾನಗಳಲ್ಲಿ ಮೊದಲ ಬಾರಿಗೆ ತೋಳದ ಬೇಟೆ ನಡೆಯಿತು. 2010ರಲ್ಲಿ ನ್ಯಾಯಾಲಯ ಮತ್ತೆ ತಡೆಯಿತು. ಕೊನೆಗೆ 2011ರಲ್ಲಿ ಸಂಸತ್ತು ಆಯವ್ಯಯದ ಮಸೂದೆಯೊಳಗೆ ಒಂದು ಷರತ್ತನ್ನು ಸೇರಿಸಿ, ಆ ಎರಡು ರಾಜ್ಯಗಳ ತೋಳಗಳನ್ನು ಪಟ್ಟಿಯಿಂದ ತೆಗೆದುಹಾಕಿತು. ವಯೋಮಿಂಗ್ ರಾಜ್ಯದ ವಿಷಯ ಇತ್ಯರ್ಥವಾಗಲು 2017 ಬರಬೇಕಾಯಿತು.

ಇದನ್ನು ಕುರಿತು ನಮ್ಮಿಬ್ಬರಿಗೂ ಒಂದು ಸಂಜೆ ವಾದವೇ ನಡೆಯಿತು. ನಾನು ಶಾಲೆಯ ಉಪಮೆಯನ್ನೇ ಹಿಡಿದೆ. “ನಮ್ಮಲ್ಲಿ ತೇರ್ಗಡೆಯಾಗಲು ನೂರಕ್ಕೆ 35 ಅಂಕ ಬೇಕು. ಹಾಗೆಂದು 35ಕ್ಕಿಂತ ಹೆಚ್ಚು ಅಂಕ ಪಡೆಯಬಾರದೆಂದು ಅರ್ಥವಲ್ಲ. ಮುನ್ನೂರು ಎಂಬುದು ತೋಳ ತೇರ್ಗಡೆಯಾಗುವ ಅಂಕ, ಅದರ ಗರಿಷ್ಠ ಮಿತಿಯಲ್ಲ” ಎಂದೆ. ವಿಜ್ಞಾನಿಗಳು ಹೇಳುವುದೂ ಇದನ್ನೇ. ಅವರು ಸ್ವಲ್ಪ ಹೊತ್ತು ಯೋಚಿಸಿ, “ಒಪ್ಪಿದೆ. ಆದರೆ ಹುಡುಗನಿಗೆ 35 ಸಾಕೆಂದು ಹೇಳಿ ಪರೀಕ್ಷೆಗೆ ಕೂರಿಸಿದ್ದೀರಿ. ಅವನು 35 ತೆಗೆದುಕೊಂಡು ಬಂದಾಗ, ಈಗ 70 ಬೇಕೆಂದರೆ ಅವನು ಇನ್ನು ನಿಮ್ಮ ಯಾವ ಮಾತನ್ನು ನಂಬುತ್ತಾನೆ?” ಎಂದರು. ಮೂವತ್ತೈದು ವರ್ಷ ಮಕ್ಕಳೊಡನೆ ಕಳೆದ ನನಗೆ ಆ ಮಾತಿನ ತೂಕ ಗೊತ್ತಾಯಿತು. ಮಕ್ಕಳು ಕಠಿಣ ಮಾಸ್ತರರನ್ನು ಸಹಿಸುತ್ತಾರೆ. ನಿಯಮ ಬದಲಿಸುವ ಮಾಸ್ತರರನ್ನು ಸಹಿಸುವುದಿಲ್ಲ.

ಆದರೆ ದೂರು ಪ್ರಾಮಾಣಿಕವಾದ ಮಾತ್ರಕ್ಕೆ ಅದರ ಲೆಕ್ಕವೆಲ್ಲ ಸರಿಯಾಗಬೇಕೆಂದಿಲ್ಲ. ಯೆಲ್ಲೊಸ್ಟೋನಿನ ಎಲ್ಕ್ ಇಳಿದದ್ದು ತೋಳ ಒಂದರಿಂದಲೇ ಅಲ್ಲ. 1996–97ರ ಚಳಿಗಾಲ ಬಹು ಭೀಕರವಾಗಿತ್ತು. ಅನಂತರ ಬರಗಾಲ ಬಂದಿತು. ಕರಡಿಗಳೂ ಪ್ಯೂಮಾಗಳೂ ಹೆಚ್ಚಿದ್ದುವು. ಉದ್ಯಾನದ ಗಡಿಯ ಹೊರಗೆ ಬೇಟೆಗಾರರು ಹೆಣ್ಣು ಎಲ್ಕ್‌ಗಳನ್ನೂ ಬಹಳವಾಗಿ ಕೊಂದರು. ಲೋಲೊ ವಲಯದಲ್ಲಂತೂ ತೋಳ ಬಲಿಯುವ ಮೊದಲೇ ಎಲ್ಕ್ ಅರ್ಧಕ್ಕೆ ಇಳಿದಿತ್ತು. 1910ರ ಮಹಾ ಕಾಳ್ಗಿಚ್ಚಿನಿಂದ ಬಯಲಾದ ನೆಲದಲ್ಲಿ ಎಳೆಯ ಪೊದೆ ಚಿಗುರಿ ಎಲ್ಕ್ ತುಂಬಿದ್ದವು. ಮತ್ತೆ ಕಾಡು ಮುಚ್ಚಿಕೊಂಡಂತೆ ಮೇವು ಕಡಿಮೆಯಾಯಿತು. ಅನಂತರ ಅಲ್ಲಿಯ ಹೆಣ್ಣು ಎಲ್ಕ್‌ಗಳ ಸಾವಿಗೆ ತೋಳ ಪ್ರಧಾನ ಕಾರಣವಾಯಿತೆಂಬುದೂ ನಿಜವೇ. ಇಳಿದ ಹಿಂಡು ಮತ್ತೆ ಏಳದಂತೆ ತೋಳ ತಡೆಯಬಲ್ಲದು. ಇಳಿಸಿದ್ದು ಮಾತ್ರ ಹಲವು ಕೈಗಳು. ಇಡೀ ರಾಜ್ಯವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಐಡಾಹೊದಲ್ಲಿ ಇಂದಿಗೂ ಲಕ್ಷಕ್ಕೆ ಮೀರಿದ ಎಲ್ಕ್‌ಗಳಿವೆ. ಮೊಂಟಾನದ ಕೆಲವು ಭಾಗಗಳಲ್ಲಿ ಎಲ್ಕ್ ಅತಿಯಾಯಿತೆಂಬುದೇ ರೈತರ ದೂರು. ಒಟ್ಟು ಮೊತ್ತ ಸರಿಯಿದ್ದರೂ ತನ್ನ ಕಣಿವೆ ಬರಿದಾದವನಿಗೆ ಅದರಿಂದ ಸಮಾಧಾನವಿಲ್ಲ. ಜಿಲ್ಲೆಯ ಸರಾಸರಿ ಮಳೆ ಚೆನ್ನಾಯಿತೆಂದು ಬಿತ್ತಿದ ಹೊಲ ಒಣಗಿದವನಿಗೆ ಹೇಳಿದಂತೆ.

ಅಧಿಕಾರ ರಾಜ್ಯಗಳ ಕೈಗೆ ಬಂದ ಮೇಲೆ ಏನಾಯಿತೆಂಬುದನ್ನೂ ನೋಡಬೇಕು. ಐಡಾಹೊದಲ್ಲಿ 2019ರಿಂದ 2021ರವರೆಗೆ ಸುಮಾರು 1,500 ತೋಳಗಳಿವೆಯೆಂದು ಕಾಡಿನಲ್ಲಿಟ್ಟ ಕ್ಯಾಮೆರಾಗಳ ಸಹಾಯದಿಂದ ಅಂದಾಜು ಮಾಡಿದ್ದರು. 2021ರಲ್ಲಿ ಆ ರಾಜ್ಯದ ಶಾಸನಸಭೆ ಹೊಸ ಕಾನೂನು ಮಾಡಿತು. ಒಬ್ಬನು ಎಷ್ಟು ತೋಳಗಳನ್ನಾದರೂ ಕೊಲ್ಲಬಹುದು. ಖಾಸಗಿ ಭೂಮಿಯಲ್ಲಿ ವರ್ಷವಿಡೀ ಬೋನು, ಉರುಲು ಒಡ್ಡಬಹುದು. ತೋಳಗಳನ್ನು ಕೊಲ್ಲಲು ಗುತ್ತಿಗೆದಾರರನ್ನೂ ಗೊತ್ತುಮಾಡಬಹುದು. 2023ರ ಯೋಜನೆಯಲ್ಲಿ ತೋಳಗಳನ್ನು ಸುಮಾರು 500ಕ್ಕೆ ಇಳಿಸುವ ಗುರಿಯನ್ನಿಟ್ಟರು. ವಿಸ್ಕಾನ್ಸಿನ್ ರಾಜ್ಯದ್ದು ಇನ್ನೊಂದು ಬಗೆ. 2021ರ ಫೆಬ್ರವರಿಯಲ್ಲಿ ಅಲ್ಲಿ ಬೇಟೆಗಾರರಿಗೆ ನಿಗದಿಯಾಗಿದ್ದ ಸಂಖ್ಯೆ 119. ಮೂರು ದಿನ ತುಂಬುವುದರೊಳಗೆ 218 ತೋಳಗಳು ಸತ್ತುವು. ಒಜಿಬ್ವೆ ಎಂಬ ಮೂಲನಿವಾಸಿಗಳ ಪಾಲಿಗೆಂದು 81 ತೋಳಗಳನ್ನು ಬೇರೆಯಾಗಿ ಮೀಸಲಿಟ್ಟಿದ್ದರು. ತೋಳವನ್ನು ಸಹೋದರನೆಂದು ನಂಬುವ ಆ ಜನ ಒಂದನ್ನೂ ಕೊಲ್ಲಲಿಲ್ಲ. ಮರುವರ್ಷ ನ್ಯಾಯಾಲಯ ಆ ರಾಜ್ಯದ ತೋಳಗಳಿಗೆ ಕೇಂದ್ರದ ರಕ್ಷಣೆಯನ್ನು ಹಿಂದಿರುಗಿಸಿತು. ಮಿತಿ ಮೀರಿದ ಮೂರು ದಿನಗಳಿಂದ ಆ ಬೇಟೆಗಾರರು ಕಳೆದುಕೊಂಡದ್ದು ಸಣ್ಣದಲ್ಲ. ತಮ್ಮನ್ನು ನಂಬಬಹುದೆಂಬ ವಾದವೇ ಅವರ ಕೈಯಿಂದ ಜಾರಿತು.

ನೆರೆಯವರು ಈ ವಿಷಯದಲ್ಲಿ ಏನೆನ್ನುತ್ತಾರೆಂದು ಕೇಳಿದೆ. ಅವರು ಪ್ರತಿವರ್ಷ ಎಲ್ಕ್ ಚೀಟಿಯ ಜೊತೆಗೆ ತೋಳದ ಚೀಟಿಯನ್ನೂ ಕೊಳ್ಳುತ್ತಾರೆ. ಹನ್ನೆರಡು ವರ್ಷಗಳಲ್ಲಿ ಒಂದು ತೋಳವನ್ನೂ ಹೊಡೆದಿಲ್ಲ. ತೋಳ ಅಷ್ಟು ಸುಲಭವಾಗಿ ಎದುರಿಗೆ ಸಿಗುವ ಪ್ರಾಣಿಯಲ್ಲ. “ತೋಳ ಇರಬಾರದೆಂದು ನಾನು ಎಂದೂ ಹೇಳಲಿಲ್ಲ. ಒಮ್ಮೆ ಹಿಮದಲ್ಲಿ ಏಳು ತೋಳಗಳು ಸಾಲಾಗಿ ಹೋಗುವುದನ್ನು ಕಂಡೆ. ಬಂದೂಕು ಹೆಗಲಲ್ಲೇ ಉಳಿಯಿತು. ಆದರೆ ಮರಿ ಹಾಕುವ ಕಾಲದಲ್ಲಿಯೂ ಉರುಲು ಒಡ್ಡುವುದು ನನಗೆ ಸೇರದು. ಬೇಟೆಗೊಂದು ಋತು ಬೇಕು, ಒಂದು ಮಿತಿ ಬೇಕು. ಅವೆರಡೂ ಇಲ್ಲದ್ದು ಬೇಟೆಯಲ್ಲ, ಕೊಲೆ” ಎಂದರು. ಇಂಥ ಮಾತನ್ನು ಆಡುವವರು ಅಲ್ಲಿಯ ಬೇಟೆಗಾರರಲ್ಲಿ ಕಡಿಮೆಯೇನಿಲ್ಲ. ಆದರೆ ಗದ್ದಲದಲ್ಲಿ ಮೆಲುದನಿ ಕೇಳಿಸುವುದಿಲ್ಲ. ನಗರದವರಿಗೆ ಎಲ್ಲ ಬೇಟೆಗಾರರೂ ಕಟುಕರಾಗಿ ಕಾಣುತ್ತಾರೆ. ಬೇಟೆಗಾರರಿಗೆ ತೋಳದ ಪರ ಮಾತನಾಡುವವರೆಲ್ಲ ಕಾಡು ಕಾಣದ ಮಂದಿಯಾಗಿ ಕಾಣುತ್ತಾರೆ.

ಈ ಬಿರುಕು ಅತ್ಯಂತ ಸ್ಪಷ್ಟವಾಗಿ ಕಂಡದ್ದು ಕೊಲರಾಡೊ ರಾಜ್ಯದಲ್ಲಿ. ತೋಳಗಳನ್ನು ಮರಳಿ ತರಬೇಕೇ ಬೇಡವೇ ಎಂದು 2020ರ ನವೆಂಬರಿನಲ್ಲಿ ಅಲ್ಲಿ ಜನರ ಮತವನ್ನೇ ಕೇಳಿದರು. ನೂರಕ್ಕೆ 51 ಮತಗಳೂ ಪೂರ್ತಿ ಬೀಳಲಿಲ್ಲ. ಆದರೂ ಬಹುಮತವೇ ಬಹುಮತ. ಬೇಕೆಂದವರು ಹೆಚ್ಚಾಗಿ ಪೂರ್ವದ ದೊಡ್ಡ ಪಟ್ಟಣಗಳವರು. ತೋಳ ಬಿಡಬೇಕಾದದ್ದು ಪಶ್ಚಿಮದ ಬೆಟ್ಟದ ಸೀಮೆಯಲ್ಲಿ. ಅಲ್ಲಿಯವರಲ್ಲಿ ಹೆಚ್ಚಿನವರು ಬೇಡವೆಂದಿದ್ದರು. 2023ರ ಡಿಸೆಂಬರಿನಲ್ಲಿ ಆರೆಗನ್ ರಾಜ್ಯದಿಂದ 10 ತೋಳಗಳನ್ನು ತಂದು ಬಿಟ್ಟರು. 2024ರ ಏಪ್ರಿಲ್ ವೇಳೆಗೆ ದನಗಾಹಿಗಳ ಕರುಗಳು ಸಾಯತೊಡಗಿದುವು. ಪರಿಹಾರದ ಏರ್ಪಾಡು ಅಲ್ಲಿ ಇದೆ. ಆದರೂ “ಅವರು ಮತ ಹಾಕಿದರು, ನಾವು ಕರು ಕೊಟ್ಟೆವು” ಎಂಬ ಭಾವ ಹಣದಿಂದ ಅಳಿಯುವಂಥದಲ್ಲ. ತೋಳಗಳನ್ನು ಬಿಟ್ಟ ಸುದ್ದಿ ನಾನು ಬಾಯ್ಸಿಯಲ್ಲಿದ್ದಾಗಲೇ ಬಂದಿತ್ತು. ನೆರೆಯವರು ಪತ್ರಿಕೆಯನ್ನು ಮಡಚಿಟ್ಟು, “ನೋಡಿ, ಮೂವತ್ತು ವರ್ಷವಾದರೂ ಯಾರೂ ಏನೂ ಕಲಿಯಲಿಲ್ಲ” ಎಂದಷ್ಟೇ ಹೇಳಿದರು.

ಕಲಿತವರೂ ಇದ್ದಾರೆಂಬುದನ್ನು ಅದೇ ರಾಜ್ಯದಲ್ಲಿ ಕಂಡೆ. ಅಕ್ಟೋಬರಿನಲ್ಲಿ ಮಗನು ನಮ್ಮನ್ನು ಕೆಚಮ್ ಎಂಬ ಊರಿಗೆ ಕರೆದೊಯ್ದಿದ್ದ. ಬೇಸಿಗೆಯಲ್ಲಿ ಬೆಟ್ಟದ ಮೇಲೆ ಮೇಯ್ದ ಕುರಿಗಳನ್ನು ಚಳಿಗೆ ಮುಂಚೆ ತಪ್ಪಲಿಗೆ ಇಳಿಸುವಾಗ ಅಲ್ಲಿ ಪ್ರತಿವರ್ಷವೂ ಉತ್ಸವ ನಡೆಯುತ್ತದೆ. ಸಾವಿರಕ್ಕೆ ಮೀರಿದ ಕುರಿಗಳು ಊರಿನ ಪೇಟೆಬೀದಿಯ ನಡುವೆ ಹರಿದುಬಂದಾಗ, ಆ ಧೂಳಿನ ವಾಸನೆಗೆ ನಾನು ಎಪ್ಪತ್ತು ವರ್ಷ ಹಿಂದಕ್ಕೆ ಹೋಗಿಬಿಟ್ಟೆ. ಆ ಸೀಮೆಯಲ್ಲಿ 2008ರಿಂದ ಕುರಿ ಮಾಲೀಕರು, ಅಧಿಕಾರಿಗಳು, ವನ್ಯಜೀವಿ ಪ್ರಿಯರು ಕೂಡಿ ತೋಳವನ್ನು ಕೊಲ್ಲದೆ ಕುರಿ ಉಳಿಸುವ ಪ್ರಯತ್ನ ನಡೆಸುತ್ತಿದ್ದಾರೆ. ದೊಡ್ಡ ಬಿಳಿ ಕಾವಲುನಾಯಿಗಳು, ರಾತ್ರಿ ಮಿನುಗುವ ದೀಪಗಳು, ಹಟ್ಟಿಯ ಸುತ್ತ ಹಗ್ಗಕ್ಕೆ ಕಟ್ಟಿದ ಬಟ್ಟೆಯ ಪಟ್ಟಿಗಳು, ಎಲ್ಲಕ್ಕಿಂತ ಮುಖ್ಯವಾಗಿ ಕುರಿಯ ಜೊತೆಯಲ್ಲೇ ಮಲಗುವ ಮನುಷ್ಯ. ಸಾವಿರಾರು ಕುರಿಗಳು ತೋಳಗಳ ನಡುವೆಯೇ ಮೇಯ್ದರೂ ನಷ್ಟ ಬಹಳ ಕಡಿಮೆ. ಕುರಿಯ ಹಿಂದೆ ನಡೆದವರಲ್ಲಿ ದೂರದ ಪೆರು ದೇಶದಿಂದ ದುಡಿಯಲು ಬಂದವರಿದ್ದರು. ಅವರ ಮಾತು ನನಗೆ ಬಾರದು, ನನ್ನದು ಅವರಿಗೆ ಬಾರದು. ಹಿಂಡಿನಲ್ಲಿ ಕುಂಟುತ್ತಿದ್ದ ಒಂದು ಕುರಿಯ ಕಡೆಗೆ ನಾನು ಬೆರಳು ತೋರಿಸಿದೆ. ಆತ ತಲೆಯಾಡಿಸಿ ನಕ್ಕ. ಅವನೂ ಅದನ್ನು ಗಮನಿಸಿದ್ದ.

ಆ ಹಗ್ಗ, ನಾಯಿ, ಹಟ್ಟಿಯಲ್ಲಿ ಮಲಗುವ ಮನುಷ್ಯ, ಇವೆಲ್ಲ ನಮ್ಮಲ್ಲಿ ಎಂದಿನಿಂದಲೂ ಇದ್ದವೇ. ನಮ್ಮ ತಂದೆಯವರು ಬಲೆ ಕಟ್ಟಿ ಕುರಿ ತುಂಬಿ, ಕಂಬಳಿ ಹೊದ್ದು ಹಟ್ಟಿಯ ಮಗ್ಗುಲಲ್ಲೇ ಮಲಗುತ್ತಿದ್ದರು. ಎಚ್ಚರವಿದ್ದೂ ತೋಳ ಒಂದು ಮರಿಯನ್ನು ಒಯ್ದರೆ “ಅದರ ಪಾಲು ಅದು ಒಯ್ತು” ಎನ್ನುತ್ತಿದ್ದರು. ಎರಡನೆಯದನ್ನು ಒಯ್ದರೆ ಮಾತ್ರ ನಾಯಿಗೂ ಮಕ್ಕಳಿಗೂ ಬೈಗುಳ. ಮೊದಲನೆಯದನ್ನು ಪಾಲೆಂದು ಬಿಡುವುದಕ್ಕೆ ಅವರಿಗೆ ಶಕ್ತಿಯಿದ್ದದ್ದು ಹಿಂಡು ದೊಡ್ಡದಿದ್ದುದರಿಂದ, ಮೇಯಿಸಲು ಊರ ಗೋಮಾಳವಿದ್ದುದರಿಂದ. ಈಗ ಬಯಲೆಲ್ಲ ಉಳುಮೆಗೂ ನಿವೇಶನಕ್ಕೂ ಹೋಗಿದೆ. ಮೇವಿಲ್ಲದೆ ಹಿಂಡು ಚಿಕ್ಕದಾಗಿದೆ. ಜಿಂಕೆ ಮೊಲಗಳಿಲ್ಲದೆ ತೋಳಕ್ಕೆ ಕುರಿಯೇ ಗತಿಯಾಗಿದೆ.

ನಮ್ಮ ದೇಶದಲ್ಲಿ ತೋಳ ಹೆಚ್ಚಿತೆಂದು ಯಾರೂ ಹೇಳುವಂತಿಲ್ಲ. ಇಡೀ ಭಾರತದಲ್ಲಿ ಅವು ಸುಮಾರು ಮೂರು ಸಾವಿರವಿದ್ದಾವೆಂದು ಅಂದಾಜು. 1972ರ ಕಾಯಿದೆ ಹುಲಿಗೆ ಕೊಟ್ಟ ರಕ್ಷಣೆಯನ್ನೇ ತೋಳಕ್ಕೂ ಕೊಟ್ಟಿದೆ. ಮೇಲುಕೋಟೆಯ ವನ್ಯಜೀವಿಧಾಮ 1974ರಲ್ಲಿ ಆದದ್ದು ತೋಳದ ನಿಮಿತ್ತವಾಗಿಯೇ. ಈಚೆಗೆ ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಸುಮಾರು 330 ಹೆಕ್ಟೇರ್ ನೆಲವನ್ನು ತೋಳಧಾಮವೆಂದು ಮೀಸಲಿಟ್ಟಿರುವುದು ನನಗೆ ನಿಜವಾಗಿಯೂ ಸಂತೋಷದ ಸಂಗತಿ. ತೋಳ ಹುಲಿಯಂತೆ ಕಾಡಿನ ಪ್ರಾಣಿಯಲ್ಲ. ಬಯಲಿನ ಪ್ರಾಣಿ, ನಮ್ಮ ಹೊಲದ ಬದುವಿನ ಪ್ರಾಣಿ. ಅದಕ್ಕೂ ಒಂದು ನೆಲ ಬೇಕು.

ಆದರೆ ಕಳೆದ ವರ್ಷ ಊರಿಗೆ ಹೋಗಿದ್ದಾಗ ಇನ್ನೂ ಕುರಿ ಕಾಯುತ್ತಿರುವ ತಮ್ಮನ ಮಗ ಕೇಳಿದ ಮಾತು ನನ್ನನ್ನು ಬಿಡುತ್ತಿಲ್ಲ. ಅವನ ಒಂಬತ್ತು ಮರಿಗಳು ಒಂದೇ ರಾತ್ರಿಯಲ್ಲಿ ಹೋಗಿದ್ದುವು. ಪರಿಹಾರ ಕೇಳಲು ಹೋದರೆ ಸತ್ತ ಮರಿಯನ್ನು ತೋರಿಸೆಂದರಂತೆ. “ದೊಡ್ಡಪ್ಪಾ, ತ್ವಾಳ ಮರಿ ಬಿಟ್ಟು ಹೋದ್ರ ಅಲ್ಲೇನ್ರಿ ತೋರಸೂದು? ತ್ವಾಳಕ್ಕ ಜಾಗಾ ಕೊಟ್ರು, ಚಲೋ ಆತು. ನಮ್ಮ ಕುರಿ ಎಲ್ಲಿ ಮೇಯಬೇಕಂತ ಯಾರರ ಕೇಳಿದ್ರೇನು?” ಎಂದ. ಅವನ ದನಿಯಲ್ಲಿ ತೋಳದ ಮೇಲೆ ಸಿಟ್ಟಿರಲಿಲ್ಲ. ಯಾರೂ ಕೇಳಲಿಲ್ಲವೆಂಬ ನೋವಿತ್ತು. ಬಾಯ್ಸಿಯ ಗಣಿತ ಮಾಸ್ತರರಿಗೆ ಬಂದೂಕಿದೆ, ಚೀಟಿಯಿದೆ, ಅವರ ಮಾತಿಗೆ ಹೆದರುವ ಶಾಸಕರಿದ್ದಾರೆ. ನಮ್ಮ ಹುಡುಗನಿಗಿರುವುದು ಒಂದು ಕೋಲು, ಎರಡು ನಾಯಿ. ಆದರೂ ಇಬ್ಬರ ದೂರಿನ ತಿರುಳು ಒಂದೇ.

ಆದ್ದರಿಂದ ಶಿಷ್ಯರ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ. ಬೇಟೆಗಾರನಿಗೆ ತೋಳದ ಮೇಲೆ ಇರುವುದು ಮತ್ಸರವಲ್ಲ. ತಾನು ದುಡ್ಡು ಹಾಕಿ ಬೆಳೆಸಿದ್ದರಲ್ಲಿ ತನಗೆ ಹೇಳದೆ ಇನ್ನೊಬ್ಬನಿಗೆ ಪಾಲು ಕೊಟ್ಟರೆಂಬ ಅಸಮಾಧಾನ. ಅದು ಕಿವಿಗೊಡಬೇಕಾದ ಮಾತು. ಕಿವಿಗೊಡದೆ ನ್ಯಾಯಾಲಯದಿಂದ ನ್ಯಾಯಾಲಯಕ್ಕೆ ಎಳೆದದ್ದರ ಫಲವೇ ಋತುವೂ ಮಿತಿಯೂ ಇಲ್ಲದ 2021ರ ಕಾನೂನು. ಹಾಗೆಂದು ದೂರುವವನ ಕೈಗೇ ತಕ್ಕಡಿಯನ್ನು ಕೊಟ್ಟುಬಿಡುವಂತೆಯೂ ಇಲ್ಲ. ವಿಸ್ಕಾನ್ಸಿನ್‌ನ ಮೂರು ದಿನಗಳು ಅದಕ್ಕೆ ಸಾಕ್ಷಿ. ತೋಳಕ್ಕೆ ಈ ಭೂಮಿಯಲ್ಲಿ ಪಾಲು ಇದೆ, ಅದರಲ್ಲಿ ನನಗೆ ಸಂಶಯವಿಲ್ಲ. ಆ ಪಾಲು ಯಾರ ತಟ್ಟೆಯಿಂದ ಹೋಗುತ್ತದೆ ಎಂಬುದನ್ನು ಮೊದಲು ಗುರುತಿಸಬೇಕು. ಅವನನ್ನು ಕೂರಿಸಿಕೊಂಡು ಮಾತನಾಡಬೇಕು, ಹೇಳಿದ ಸಂಖ್ಯೆಗೆ ನಿಲ್ಲಬೇಕು. ಸಂಖ್ಯೆ ಬದಲಿಸಬೇಕಾದರೆ ಏಕೆಂದು ಅವನಿಗೆ ವಿವರಿಸಬೇಕು. ದೂರದಲ್ಲಿ ಕುಳಿತು ತೋಳವನ್ನು ಪ್ರೀತಿಸುವ ನಾವೆಲ್ಲರೂ ಆ ವೆಚ್ಚದಲ್ಲಿ ಒಂದು ಭಾಗವನ್ನು ಹೊರಬೇಕು.

ತಮ್ಮನ ಮಗನ ಅರ್ಜಿಯನ್ನು ನಾನೇ ಬರೆದುಕೊಟ್ಟು ಬಂದಿದ್ದೇನೆ. ಒಂಬತ್ತು ಮರಿಗಳ ಲೆಕ್ಕ, ಹಟ್ಟಿ ಇದ್ದ ಹೊಲದ ಸರ್ವೆ ನಂಬರು, ಕಂಡ ನೆರೆಹೊರೆಯವರ ಸಹಿ ಎಲ್ಲವನ್ನೂ ಸೇರಿಸಿ. ಕುರಿಗಾಹಿಗಳಿಗೆ ಮೇವಿನ ನೆಲ ಗೊತ್ತುಮಾಡಬೇಕೆಂಬ ಇನ್ನೊಂದು ಮನವಿಗೆ ಊರಿನವರು ಸಹಿ ಹಾಕುತ್ತಿದ್ದಾರೆ. ನಿಮ್ಮಲ್ಲಿ ಅರಣ್ಯ, ಕಂದಾಯ, ಪಶುಸಂಗೋಪನೆಯ ಕೆಲಸದಲ್ಲಿರುವವರು ಹಲವರಿದ್ದೀರಿ. ಇಂಥ ಅರ್ಜಿ ನಿಮ್ಮ ಮೇಜಿನ ಮೇಲೆ ಬಂದಾಗ ಸತ್ತ ಮರಿಯನ್ನು ಕೇಳುವುದಕ್ಕೆ ಮುಂಚೆ, ಬದುಕಿರುವ ಮನುಷ್ಯನನ್ನು ಕೂರಿಸಿ ಒಂದು ಮಾತು ಕೇಳಿ. ನಿಮ್ಮ ಹಳೆಯ ಮಾಸ್ತರನ ಬೇಡಿಕೆ ಅಷ್ಟೇ.